ಬೇಗಂ ಬೆಕ್ಕಿನ ಪಡದಾ

ಕಾಸಾರಶಿರಸಿಯ ಕಲ್ಯಾಣಪ್ಪನವರ ಮನೆಗೆ ಸರುಬಾಯಿ ಸೊಸೆಯಾಗಿ ಬಂದ ದಿನ ಗಾಡಿಯಿಂದ ಇಳಿದದ್ದು ಒಂದು ಪೆಟ್ಟಿಗೆ, ಒಂದು ಹಿತ್ತಾಳೆ ಕೊಡ, ಮತ್ತೆ ಹಗ್ಗ ಬಿಗಿದ ಒಂದು ಬಿದಿರಿನ ಬುಟ್ಟಿ. ಪೆಟ್ಟಿಗೆ ಸುಮ್ಮನಿತ್ತು, ಕೊಡ ಸುಮ್ಮನಿತ್ತು. ಬುಟ್ಟಿ ಮಾತ್ರ ಉದಗೀರು ಬಿಟ್ಟಾಗಿನಿಂದ ಒಂದೇ ಸಮನೆ ಕೂಗುತ್ತಿತ್ತು. ಹೊಸ್ತಿಲ ಮೇಲಿನ ಸೇರನ್ನು ಬಲಗಾಲಿಂದ ಒದ್ದು ಒಳಗೆ ಬರಬೇಕಾದ ಮದುಮಗಳು ಮೊದಲು ಬುಟ್ಟಿಯನ್ನು ಎತ್ತಿ ಸೊಂಟಕ್ಕಿಟ್ಟುಕೊಂಡಳು, ಆಮೇಲೆ ಸೇರು ಒದ್ದಳು.

"ಇದೇನದ?" ಎಂದರು ಅತ್ತೆ ಕಸ್ತೂರಬಾಯಿ.

"ಬೆಕ್ಕ ರೀ ಅತ್ತಿ. ನಮ್ಮವ್ವ ಸಾಕಿದ್ದು."

ಆ ತಾಯಿ ಈಗಿಲ್ಲ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಹೀಗಾಗಿ ಕಸ್ತೂರಬಾಯಿ ಹುಬ್ಬನ್ನಷ್ಟೇ ಎತ್ತಿದರು, ಬಾಯಿ ಎತ್ತಲಿಲ್ಲ. ಮಾವ ಕಲ್ಯಾಣಪ್ಪನವರು, "ಇರಲಿ ಬಿಡು, ಭುಸಾರದ ಮನಿ. ಇಲಿ ಹಿಡೀತದ," ಎಂದರು. ಭುಸಾರವೆಂದರೆ ಕಾಳುಕಡಿಯ ವ್ಯಾಪಾರ. ಮುಂದೆ ಜೋಳ, ತೊಗರಿ, ಕಡಲೆ ಸುರುವಿದ ಅಂಗಡಿ, ಹಿಂದೆ ಮನೆ, ನಡುವೆ ಅಂಗಳ. ನಿಜಾಮರ ಕಾಲ ಅದು. ತಾಲೂಕು ಕಚೇರಿಯಲ್ಲಿ ಉರ್ದು, ಸಂತೆಯಲ್ಲಿ ಮರಾಠಿ, ಒಲೆಯ ಮುಂದೆ ಕನ್ನಡ. ಕಲ್ಯಾಣಪ್ಪನವರ ಅಂಗಡಿಯ ಇಲಿಗಳಿಗೆ ಮೂರೂ ಭಾಷೆಯ ಬೈಗುಳ ಬರುತ್ತಿದ್ದವು, ಒಂದಕ್ಕೂ ಹೆದರುತ್ತಿರಲಿಲ್ಲ.

ಬೆಕ್ಕು ಇಲಿಗಳನ್ನೇನೋ ಹಿಡಿಯಿತು, ಹಿಡಿದು ಸಾಲಾಗಿ ಜೋಡಿಸಿಯೂ ಇಟ್ಟಿತು. ಅದರಲ್ಲಿ ಹೆಸರಿಡುವ ಹಾಗಿರಲಿಲ್ಲ. ತೊಂದರೆ ಬಂದದ್ದು ಇನ್ನೊಂದು ಕಡೆಯಿಂದ.

ಜಗತ್ತಿನ ಬೆಕ್ಕುಗಳೆಲ್ಲ ಹಿತ್ತಲಿಗೆ ಹೋಗುತ್ತವೆ, ಮಣ್ಣು ಕೆದರುತ್ತವೆ, ತಮ್ಮ ಕೆಲಸ ಮುಗಿಸಿ ಮುಚ್ಚಿ ಮರ್ಯಾದೆಯಿಂದ ಮನೆಗೆ ಬರುತ್ತವೆ. ಇದೂ ಹಿತ್ತಲಿಗೆ ಹೋಯಿತು. ಕರಿ ಎರೆಮಣ್ಣನ್ನು ಮೂಸಿ ನೋಡಿತು. ಯಾರೋ ಅವಮಾನ ಮಾಡಿದರು ಎನ್ನುವ ಹಾಗೆ ಮುಂಗಾಲು ಝಾಡಿಸಿತು. ಓಡಿ ಬಂದು ಅಂಗಡಿಯ ಬಿಳಿಜೋಳದ ರಾಶಿ ಹತ್ತಿ ಅಲ್ಲಿ ಕೂತಿತು. ಎದುರಿಗೆ ಮಾಕಣಿಯಿಂದ ಬಂದ ಗಿರಾಕಿ ಜೋಳದಲ್ಲಿ ಕೈಯಾಡಿಸಲು ತೋಳು ಮಡಚುತ್ತಿದ್ದ.

"ರಾಶಿ ಮ್ಯಾಲ! ಗಿರಾಕಿ ಮುಂದ!" ಕಲ್ಯಾಣಪ್ಪನವರ ಮೀಸೆ ನಡುಗಿತು. "ಹೈದರಾಬಾದದಾಗಿನ ಬೇಗಂ ಸುದ್ದಾ ಇಷ್ಟ ನಖರಾ ಮಾಡಲಿಕ್ಕಿಲ್ಲ!"

ಅಂದಿನಿಂದ ಅದರ ಹೆಸರು ಬೇಗಂ ಆಯಿತು. ಸರುಬಾಯಿಗೆ ಹೆಸರು ಹಿಡಿಸಿತು. ಬೈಗುಳವೂ ಕೆಲವರ ಮೈಗೆ ಒಡವೆಯ ಹಾಗೆ ಕೂರುತ್ತದೆ.

ಇನ್ನು ಸರುಬಾಯಿಯ ವಿಷಯ. ಅವಳು ಅರ್ಧ ಇಲ್ಲಿ, ಅರ್ಧ ಎಲ್ಲೋ ಇರುವ ಹುಡುಗಿ. ಮಾಳಿಗೆಯ ಬೆಳಕಿಂಡಿಯಿಂದ ಮಧ್ಯಾಹ್ನದ ಬಿಸಿಲು ಕಂಬದ ಹಾಗೆ ನೆಲಕ್ಕಿಳಿಯಿತೆಂದರೆ, ಅವಳು ಕೈಯಲ್ಲಿದ್ದ ಕೆಲಸ ಮರೆತು ಅದರೊಳಗೆ ತೇಲುವ ಧೂಳನ್ನು ನೋಡುತ್ತ ನಿಲ್ಲುತ್ತಿದ್ದಳು. ಆ ಧೂಳಿನಲ್ಲಿ ಅವಳಿಗೆ ಉದಗೀರಿನ ಕೋಟೆಯ ಕೆಳಗಿನ ಓಣಿ ಕಾಣುತ್ತಿತ್ತು, ಗೋಡೆಯ ಬಿರುಕಿನಲ್ಲಿ ಬೆಳೆದ ಅರಳಿ ಗಿಡ ಕಾಣುತ್ತಿತ್ತು, ಕೆಲವೊಮ್ಮೆ ಯಾರದೋ ಬೆನ್ನು ಕಾಣುತ್ತಿತ್ತು. ಅವ್ವನ ಮುಖ ಮಾತ್ರ ಮೂರು ವರ್ಷದಿಂದ ಕಾಣುತ್ತಿರಲಿಲ್ಲ. ಎಷ್ಟು ನೆನಪು ಮಾಡಿಕೊಂಡರೂ ಬೆನ್ನು, ಜಡೆ, ಬಳೆಯ ಸದ್ದು. ಅಷ್ಟೇ. ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು.

"ಹಾಲು ಉಕ್ಕಲತ್ತದ, ನಮ್ಮ ಸೊಸಿ ಬೆಳಕ ನೋಡಲತ್ತಾಳ," ಎಂದು ಕಸ್ತೂರಬಾಯಿ ಕಂಬಕ್ಕೆ ಹೇಳುತ್ತಿದ್ದರು. ಸೊಸೆಗೆ ನೇರವಾಗಿ ಬೈದರೆ ತಾಯಿಲ್ಲದ ಹುಡುಗಿಗೆ ಬೈದ ಪಾಪ ಬರುತ್ತದೆಂದು ಅವರು ಎಲ್ಲ ಬೈಗುಳವನ್ನೂ ಕಂಬಕ್ಕೇ ಕೊಡುತ್ತಿದ್ದರು. ಕಂಬಕ್ಕೆ ಅಭ್ಯಾಸವಾಗಿತ್ತು. ಬೂದಿ ಮುಚ್ಚಿದ ಕೆಂಡ ಅಂತಾರಲ್ಲ, ಅಂಥ ಹೆಂಗಸು. ಮೇಲೆ ತಣ್ಣಗೆ ಕಾಣುತ್ತಿದ್ದರು, ಮುಟ್ಟಿದವರಿಗಷ್ಟೇ ಗೊತ್ತು.

ಬೂದಿಯ ಮಾತು ಬಂತು, ಅಲ್ಲಿಗೇ ಬರೋಣ. ಕಸ್ತೂರಬಾಯಿಯ ಹೆಮ್ಮೆಯೆಲ್ಲ ಅವರು ಮಾಡುವ ವಿಭೂತಿಯಲ್ಲಿತ್ತು. ಆಕಳ ಸಗಣಿಯ ಕುಳ್ಳು ಸುಟ್ಟು, ಆ ಬೂದಿ ಸೋಸಿ, ನೀರಲ್ಲಿ ಕಲೆಸಿ, ಗಟ್ಟಿ ಕಟ್ಟಿ ನೆರಳಲ್ಲಿ ಒಣಗಿಸುತ್ತಿದ್ದರು. ಶಿವರಾತ್ರಿಗೆ ಆ ಗಟ್ಟಿಗಳು ಉಮರ್ಗಾ, ನಿಲಂಗಾದ ನೆಂಟರ ಮನೆಗಳಿಗೆ ಹೋಗುತ್ತಿದ್ದವು. ಲಿಂಗಪೂಜೆಗೆ ಕೂತವರು ಅದನ್ನು ಹಣೆಗೆ ಎಳೆದುಕೊಂಡು "ಕಸ್ತೂರಬಾಯಿ ಕೈ" ಎನ್ನುತ್ತಿದ್ದರು. ಆ ಮನೆಯಲ್ಲಿ ಅದನ್ನು ಬೂದಿ ಎಂದು ಯಾರೂ ಬಾಯಿ ಜಾರಿಯೂ ಹೇಳುವಂತಿರಲಿಲ್ಲ. ಒಲೆಯಲ್ಲಿದ್ದರೆ ಬೂದಿ, ಪಡಸಾಲೆಯ ಬುಟ್ಟಿಗೆ ಬಂದರೆ ಈಬತ್ತಿ.

ಜೋಳದ ರಾಶಿಯಿಂದ ಓಡಿಸಲ್ಪಟ್ಟ ಬೇಗಂ ಎಂಟೇ ದಿನದಲ್ಲಿ ತನಗೆ ಬೇಕಾದದ್ದನ್ನು ಹುಡುಕಿಕೊಂಡಿತು. ಪಡಸಾಲೆಯ ಬುಟ್ಟಿ.

ಆ ದಿನ ಕಸ್ತೂರಬಾಯಿ ಕಂಬಕ್ಕೂ ಮಾತಾಡಲಿಲ್ಲ. ಬುಟ್ಟಿಯನ್ನು ಹೊರಗೆ ಚೆಲ್ಲಿಸಿ, ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲಲ್ಲೇ ಬಂದು ಎಲ್ಲರ ಮುಂದೆ ತೀರ್ಪು ಕೊಟ್ಟರು.

"ಎಳ್ಳಮಾಸಿಗಿ ಗಾಡಿ ಹೊಲಕ್ಕ ಹೋಗ್ತದ. ಈ ಬೆಕ್ಕಿನ್ನ ಚೀಲದಾಗ ಹಾಕಿ ತೇರ್ಣಾ ಹೊಳಿ ಆಚಿ ಬಿಟ್ಟ ಬರ್ರಿ. ತಿರುಗಿ ಬರಬಾರದು."

ಮನೆಯವರೆಲ್ಲ ಹೊಲದ ಪೂಜೆಗೆ ಹೋಗುವ ಎಳ್ಳಮಾವಾಸ್ಯೆಗೆ ಇನ್ನೂ ಅರ್ಧ ತಿಂಗಳಿತ್ತು. ಸರುಬಾಯಿ ಗಂಡನ ಮುಖ ನೋಡಿದಳು. ವೀರಭದ್ರ ಒಳ್ಳೆಯವನು. ಎಷ್ಟು ಒಳ್ಳೆಯವನೆಂದರೆ ತಾಯಿಗೂ ಇಲ್ಲವೆನ್ನುತ್ತಿರಲಿಲ್ಲ, ಹೆಂಡತಿಗೂ ಇಲ್ಲವೆನ್ನುತ್ತಿರಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಡುವುದೇ ಅವನ ಕಸುಬು. "ನೋಡಮಂತ," ಎಂದು ಅಂಗಡಿಗೆ ಹೋದ.

ಚೀಲದ ಮಾತು ಕೇಳಿದಾಗಿನಿಂದ ಸರುಬಾಯಿ ಬೆಕ್ಕನ್ನು ಕಣ್ಣಳತೆಯಿಂದ ಆಚೆ ಬಿಡಲಿಲ್ಲ. ಅದು ಬರೀ ಬೆಕ್ಕಿನ ಮಾತಾಗಿರಲಿಲ್ಲ. ಅವ್ವನ ಕೈ ಮೈಮೇಲೆ ಆಡಿದ ನೆನಪಿರುವ ಜೀವ ಆ ಊರಲ್ಲಿ ಎರಡೇ ಇದ್ದವು. ಒಂದು ತಾನು, ಇನ್ನೊಂದು ಅದು. ಅದೂ ಹೊಳೆಯಾಚೆ ಹೋದರೆ ತಾನು ಉದಗೀರಿನಿಂದ ಬಂದವಳು ಎನ್ನುವುದಕ್ಕೆ ಸಾಕ್ಷಿಯೇ ಇಲ್ಲ.

ಅವಳು ಯಾರಿಗೂ ಹೇಳದೆ ಕೆಲಸಕ್ಕೆ ಇಳಿದಳು. ಮಾಳಿಗೆ ಮೆಟ್ಟಿಲ ಕೆಳಗೆ ಒಂದು ಕತ್ತಲೆ ಮೂಲೆ ಇತ್ತು. ಮುರಿದ ಕೂರಿಗೆ, ತೂತುಬಿದ್ದ ಮೊರ, ಹಳೆಯ ಕೊಡಗಳ ಮೂಲೆ. ಕಸ್ತೂರಬಾಯಿ ಅತ್ತ ಹಾಯುತ್ತಿರಲಿಲ್ಲ. ಅಲ್ಲಿ ಒಡೆದ ಮಣ್ಣಿನ ಹರವಿಯ ಅಗಲವಾದ ತಳ ಇಟ್ಟು, ಅದರಲ್ಲಿ ಮೊದಲು ಹಳ್ಳದ ಮರಳು ಹಾಕಿದಳು. ಬೇಗಂ ಮುಂಗಾಲು ಎರಡನ್ನೂ ಮರಳಿನಲ್ಲಿಟ್ಟು, ಹಿಂಭಾಗವನ್ನು ಹೊರಗಿಟ್ಟು, ಎಲ್ಲವನ್ನೂ ನೆಲದ ಮೇಲೆ ಮಾಡಿ ಮುಗಿಸಿತು. ಆಮೇಲೆ ಮರಳನ್ನು ಮುಟ್ಟದೆ ಪಕ್ಕದ ಗೋಡೆಯನ್ನು ಪರಪರ ಕೆದರಿತು, ಗೋಡೆಯೇ ಉದುರಿ ಬಂದು ಮುಚ್ಚಿಕೊಳ್ಳಲಿ ಎನ್ನುವ ಹಾಗೆ. ಅಷ್ಟಾದ ಮೇಲೆ ಬೆನ್ನಿಗೆ ದೆವ್ವ ಹತ್ತಿದಂತೆ ಬಾಲ ಎತ್ತಿ ಅಂಗಳದ ಸುತ್ತ ಒಂದು ಓಟ. ಜೋಳದ ಹೊಟ್ಟು ಹಾಕಿ ನೋಡಿದಳು. ಅದರಲ್ಲಿ ಮಲಗಿ ನಿದ್ದೆ ಮಾಡಿತು. ಅಡುಗೆ ಒಲೆಯ ಬೂದಿ ಹಾಕಿದಳು. ಅದರಲ್ಲಿನ ಇದ್ದಿಲ ಚೂರು ಕಾಲಿಗೆ ತಾಗಿದ್ದೇ ತಡ, ಸರುಬಾಯಿಯ ಮುಖ ನೋಡಿ ಒಂದು ದೊಡ್ಡ ಕೂಗು ಕೂಗಿತು. ಹುಡುಗಿ ಮೂಗಿಗೆ ಸೆರಗು ಹಿಡಿದು ಅತ್ತೆ ಏಳುವ ಮೊದಲು ನೆಲ ಸಾರಿಸುವಳು, ಮತ್ತೆ ಅದೇ ಕಥೆ.

ಕೊನೆಗೆ ಬಚ್ಚಲ ಒಲೆಯ ಕಡೆ ಅವಳ ಕಣ್ಣು ಹೋಯಿತು. ಅಲ್ಲಿ ಸ್ನಾನದ ನೀರಿಗೆ ಬರೀ ಕುಳ್ಳು ಉರಿಸುತ್ತಿದ್ದರು. ಬೂದಿ ಬೆಳ್ಳಗೆ, ಹಗುರ. ಅದನ್ನು ಹಳೆಯ ಧೋತರದ ತುಂಡಿನಲ್ಲಿ ಕಟ್ಟಿ ಬೆಳಕಿಂಡಿಯ ಕೆಳಗೆ ಕೂತು ಸೋಸಿದಳು. ಒಂದು ಸಲ, ಎರಡು ಸಲ, ಮೂರು ಸಲ. ಬಿಸಿಲಿನ ಕಂಬದೊಳಗೆ ಬೂದಿ ಹೊಗೆಯಾಗಿ ಏಳುತ್ತಿತ್ತು, ಎದ್ದು ನಿಲ್ಲುತ್ತಿತ್ತು, ಇಳಿಯುವುದನ್ನೇ ಮರೆಯುತ್ತಿತ್ತು. ಅವಳ ರೆಪ್ಪೆಯ ಮೇಲೆಲ್ಲ ಬಿಳುಪು. ಕೈಗೆ ಆ ಕೆಲಸ ಯಾವಾಗಿನಿಂದಲೋ ಗೊತ್ತಿತ್ತು, ಯಾರು ಕಲಿಸಿದರೆಂದು ಕೈ ಮಾತ್ರ ಹೇಳುತ್ತಿರಲಿಲ್ಲ.

ಈ ಬೂದಿಯಲ್ಲಿ ಬೇಗಂ ನಾಲ್ಕೂ ಕಾಲು ಇಟ್ಟು ನಿಂತಿತು. ನಿಂತು, ಕೂರದೆ, ತಲೆ ತಿರುಗಿಸಿ ಹೊರಗೆ ನೋಡಿತು. ಸರುಬಾಯಿ ಮುಖ ತಿರುಗಿಸಿದಳು. ಬೆಕ್ಕು ಹೊರಗೆ ಬಂದು, ಸುತ್ತಿ ಬಂದು, ಅವಳ ಮುಖ ನೋಡಿ ಕೂಗಿತು. ಏನೋ ಕೇಳುತ್ತಿತ್ತು.

"ಇನ್ನೇನ ಬೇಕ ತಾಯಿ ನಿನಗ? ಬಂಗಾರದ ಮಂಚ ತರಲೇನ?"

ಅಷ್ಟರಲ್ಲಿ ಅಂಗಳದಿಂದ ಚಳಿಗಾಳಿ ನುಗ್ಗಿ ಹರವಿಯ ಬೂದಿಯನ್ನೆಲ್ಲ ಎಬ್ಬಿಸಿತು. ಬೂದಿ ಹಾರದಿರಲೆಂದು ಅವಳು ಪೆಟ್ಟಿಗೆಯಿಂದ ಅವ್ವನ ಹಳೆಯ ಹಸಿರು ಸೀರೆಯ ತುಂಡು ತಂದು, ಮೆಟ್ಟಿಲಿನ ಕೆಳಗಿನ ಎರಡು ಗೂಟಕ್ಕೆ ಕಟ್ಟಿ ಇಳಿಬಿಟ್ಟಳು. ಬೇಗಂ ಸೀರೆಯ ಅಂಚನ್ನು ಮೂಸಿತು. ಮೆಲ್ಲಗೆ ಅದನ್ನು ತಲೆಯಿಂದ ಸರಿಸಿ ಒಳಗೆ ಹೋಯಿತು. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಗೋಡೆ ಕೆದರುವ ಪರಪರ. ಆಮೇಲೆ ಓಟ. ನೆಲ ಒಣಗಿತ್ತು, ಎಲ್ಲ ಹರವಿಯೊಳಗೇ ಆಗಿತ್ತು.

ಸರುಬಾಯಿ ಅಲ್ಲೇ ಕೂತಳು. ಈಗ ಅವಳಿಗೆ ನೆನಪಾಯಿತು.

ಪ್ಲೇಗು ಬಂದ ವರ್ಷ. ಇಲಿ ಸತ್ತು ಬಿದ್ದವೆಂದು ಓಣಿಗೆ ಓಣಿಯೇ ಮನೆ ಬಿಟ್ಟು ಹೊಲದಲ್ಲಿ ಕಣಿಕೆಯ, ಅಂದರೆ ಒಣ ಜೋಳದ ದಂಟಿನ, ಗುಡಿಸಲು ಹಾಕಿಕೊಂಡಿತ್ತು. ತಾಯಿಬೆಕ್ಕು ಎಲ್ಲೋ ಸತ್ತುಹೋಗಿ ಒಂದೇ ಮರಿ ಉಳಿದಿತ್ತು, ಅಂಗೈಯಷ್ಟು. ಹೊರಗೆ ಬಿಟ್ಟರೆ ನರಿ ಒಯ್ಯುತ್ತದೆಂದು ಅವ್ವ ಅದನ್ನು ಗುಡಿಸಲೊಳಗೇ ಇಟ್ಟುಕೊಂಡಿದ್ದಳು. ಒಡೆದ ಗಡಿಗೆಯ ತಳದಲ್ಲಿ ಬೂದಿ ಸೋಸಿ ಹಾಕುತ್ತಿದ್ದಳು. ಕಣಿಕೆಯ ಸಂದಿಯಿಂದ ಗಾಳಿ ಬಂದು ಬೂದಿ ಹಾರುತ್ತಿತ್ತು. ಅದಕ್ಕೆ ಅವ್ವ ತಾನು ಉಟ್ಟು ಬಿಟ್ಟ ಹಸಿರು ಸೀರೆ ಅಡ್ಡ ಕಟ್ಟಿದಳು. "ಹೋಗವ್ವ, ಪಡದಾ ಹಾಕೀನಿ, ಯಾರೂ ನೋಡಾಂಗಿಲ್ಲ," ಎಂದು ಮರಿಯ ತಲೆ ಸವರಿ ಒಳಗೆ ಬಿಡುತ್ತಿದ್ದಳು. ಆ ಸೀರೆಯ ಪಕ್ಕದಲ್ಲೇ ಅವಳಿಗೆ ಜ್ವರ ಬಂತು. ಆ ಗುಡಿಸಲಿನಿಂದ ಊರಿಗೆ ತಿರುಗಿ ಬಂದವರು ಅಪ್ಪ, ಮಗಳು, ಬೆಕ್ಕು. ಊರಿನ ಮನೆಯಲ್ಲಿ ಬೆಕ್ಕಿನ ಬೂದಿ, ಮರೆ ಎಲ್ಲ ಅಪ್ಪನೇ ನೋಡಿಕೊಂಡಿದ್ದ, ಅವಳು ಅತ್ತ ತಲೆ ಹಾಕಿರಲಿಲ್ಲ.

ಬೆಕ್ಕು ನಖರಾ ಮಾಡುತ್ತಿರಲಿಲ್ಲ. ಅದು ತನಗೆ ಕಲಿಸಿದ್ದನ್ನು ಹುಡುಕುತ್ತಿತ್ತು. ಸರುಬಾಯಿ ಸೀರೆಯ ಅಂಚನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು. ಮಸುಕು ಬಟ್ಟೆಯೊಳಗೆ ಕಣ್ಣು ಮುಚ್ಚಿದರೆ, ಮೂರು ವರ್ಷದ ನಂತರ ಮೊದಲ ಸಲ, ಬೆನ್ನು ತಿರುಗಿತು. ಬೂದಿ ಮೆತ್ತಿದ ಮೂಗು, ನಗುವ ಬಾಯಿ. ಒಂದು ಗಳಿಗೆ ಮಾತ್ರ. ಅಡುಗೆಮನೆಯಲ್ಲಿ ಹಾಲು ಉಕ್ಕಿತು, ಅತ್ತೆ ಕಂಬದೊಂದಿಗೆ ಮಾತು ಶುರು ಮಾಡಿದರು.

ಆಮೇಲಿನ ದಿನಗಳು ಕನಸಿನ ಹಾಗೆ ಹೋದವು. ದಿನವೂ ಎಲ್ಲರೂ ಮಲಗುವ ಮಧ್ಯಾಹ್ನಕ್ಕೆ ಸರುಬಾಯಿ ಬೆಳಕಿನ ಕೆಳಗೆ ಬೂದಿ ಸೋಸುತ್ತಿದ್ದಳು, ಹಳೆಯದನ್ನು ತಿಪ್ಪೆಗೆ ಹಾಕಿ, ಹರವಿ ತೊಳೆದು, ಹೊಸದನ್ನು ತುಂಬುತ್ತಿದ್ದಳು. ವಾಸನೆ ಬರಬಾರದೆಂದು ಪಡದೆಯ ಬುಡದಲ್ಲಿ ಒಂದು ಹಿಡಿ ಮರುಗ ಇಡುತ್ತಿದ್ದಳು, ಒಂದು ಚಿಟಿಕೆ ಲೋಬಾನದ ಹೊಗೆ ಹಾಕುತ್ತಿದ್ದಳು. ಕೊನೆಗೆ ಬೂದಿಯ ಮೇಲೆ ನುಣ್ಣಗೆ ಮೂರು ಬೆರಳು ಎಳೆಯುತ್ತಿದ್ದಳು. ಲಿಂಗ ಕಟ್ಟಿದವರ ಕೈ, ಬೂದಿ ಕಂಡರೆ ಮೂರೇ ಬೆರಳು ಮುಂದೆ ಬರುತ್ತವೆ. ಬೇಗಂ ಬೆಳಕಿನಲ್ಲಿ ಮಲಗಿ ಅರೆಗಣ್ಣಿನಿಂದ ಅವಳನ್ನು ನೋಡುತ್ತಿತ್ತು. ಬೂದಿ ಇಬ್ಬರ ಮೇಲೂ ಇಳಿಯುತ್ತಿತ್ತು.

ಮನೆಯಲ್ಲಿ ಗಲೀಜು ನಿಂತದ್ದು ಕಸ್ತೂರಬಾಯಿಗೆ ತಿಳಿಯದೆ ಇರಲಿಲ್ಲ. ಆದರೆ ಅವರು ನಂಬಲಿಲ್ಲ. "ಎಲ್ಲೋ ಮಾಡಲತ್ತದ, ನಮಗ ಸಿಕ್ಕಿಲ್ಲ ಅಷ್ಟೇ. ಚೀಲ ತೆಗದ ಇಟ್ಟೀನಿ," ಎಂದು ಕಂಬಕ್ಕೆ ಹೇಳಿದರು. ಚೀಲ ಅಡುಗೆಮನೆಯ ಗೂಟಕ್ಕೆ ನೇತಾಡುತ್ತಿತ್ತು. ಸರುಬಾಯಿ ರೊಟ್ಟಿ ಬಡಿಯುವಾಗಲೆಲ್ಲ ಅದು ಕಣ್ಣಿಗೆ ಬೀಳುತ್ತಿತ್ತು.

ಅಮಾವಾಸ್ಯೆಯ ಹಿಂದಿನ ದಿನ ಯೆಣೆಗೂರದಿಂದ ಕಲ್ಯಾಣಪ್ಪನವರ ಅಕ್ಕ ರಂಭಾಬಾಯಿ ಬಂದರು. ಎಪ್ಪತ್ತರ ಆಸುಪಾಸು, ಕಣ್ಣಿಗೆ ಪೊರೆ, ಬಾಯಲ್ಲಿ ಸದಾ ಶಿವನ ಹೆಸರು. ಸಂಜೆ ಬರಬೇಕಿದ್ದವರು ಮಧ್ಯಾಹ್ನವೇ ಬಂದರು. ಆಗ ಕಸ್ತೂರಬಾಯಿ ನಾಳೆಯ ಭಜ್ಜಿ ಪಲ್ಯಕ್ಕೆ ಸೊಪ್ಪು ಕಾಳು ಕೂಡಿಸಲು ಪಕ್ಕದ ಮನೆಗೆ ಹೋಗಿದ್ದರು, ಸರುಬಾಯಿ ಹರವಿಗೆ ಹೊಸ ಬೂದಿ ತುಂಬಿ ಆಗತಾನೇ ಬಾವಿಗೆ ಹೋಗಿದ್ದಳು. ರಂಭಾಬಾಯಿ ಬಚ್ಚಲಲ್ಲಿ ಮಿಂದರು. ಲಿಂಗಪೂಜೆಗೆ ಈಬತ್ತಿ ಬೇಕು, ಪಡಸಾಲೆಯ ಬುಟ್ಟಿ ಚೆಲ್ಲಿಸಿದಾಗಿನಿಂದ ಖಾಲಿ. ಗೋಡೆ ಸವರುತ್ತ ಮನೆಯೆಲ್ಲ ಹುಡುಕಿದರು. ಮರುಗದ ಪರಿಮಳ ಬಂತು, ಲೋಬಾನದ ಪರಿಮಳ ಬಂತು. ಮೂಗು ಹಿಡಿದ ದಾರಿಯಲ್ಲಿ ಹೋದರೆ ಹಸಿರು ಪಡದಾ. ಸರಿಸಿ ನೋಡಿದರೆ ನುಣ್ಣನೆಯ ಬೂದಿ, ಅದರ ಮೇಲೆ ಎಳೆದ ಮೂರು ಗೆರೆ.

ಇನ್ನು ಅನುಮಾನವೆಲ್ಲಿಯದು?

ಸರುಬಾಯಿ ಕೊಡ ಹೊತ್ತು ಅಂಗಳಕ್ಕೆ ಬಂದಾಗ ರಂಭಾಬಾಯಿ ಮೆಟ್ಟಿಲ ಕೆಳಗೆ ಪಡದೆಯ ಮುಂದೆ ಕಣ್ಣು ಮುಚ್ಚಿ ಕೂತಿದ್ದರು. ಹಣೆಯ ಮೇಲೆ ಮೂರು ಪಟ್ಟೆ, ಕೊರಳಿಗೆ, ತೋಳಿಗೆ, ಎದೆಗೆ. ಕೊಡ ಅವಳ ಸೊಂಟದಲ್ಲಿ ವಾಲಿ ಅರ್ಧ ನೀರು ನೆಲಕ್ಕೆ ಚೆಲ್ಲಿತು. ಬೂದಿಯಲ್ಲಿ ಬೆರಳಿನ ಗುರುತು ಬಿಟ್ಟರೆ ಉಳಿದ ಗೆರೆಗಳು ಹಾಗೇ ಇದ್ದವು. ಬೇಗಂ ಇನ್ನೂ ಕಾಲಿಟ್ಟಿರಲಿಲ್ಲ. ಸರುಬಾಯಿ ಮನಸ್ಸಿನಲ್ಲೇ ಶಿವನಿಗೆ ಕೈ ಮುಗಿದಳು. ಅಷ್ಟರಲ್ಲಿ ಸೊಪ್ಪಿನ ಬುಟ್ಟಿ ಹಿಡಿದು ಕಸ್ತೂರಬಾಯಿ ಒಳಗೆ ಬಂದರು.

"ಕಸ್ತೂರಾ, ಬಾ ಇಲ್ಲಿ!" ರಂಭಾಬಾಯಿ ಕಣ್ಣು ತೆರೆದು ಕೂಗಿದರು. "ಇಷ್ಟ ದಿನ ನನಗ ಹೇಳಿದ್ದೇ ಇಲ್ಲಲ್ಲ! ಮೆಟ್ಟಲ ಬುಡಕ ಇಂಥಾ ಜಾಗಾ ಮಾಡಿದಿ. ಏನ ಈಬತ್ತಿ ಅದ! ಗಾಳಿ ಮುಟ್ಟಿದಂಗ ಆಗ್ತದ. ಈ ಸಲ ನಿನ್ನ ಕೈಯಾಗ ಶಿವನೇ ಕೂತಾನ."

ಕಸ್ತೂರಬಾಯಿ ಏನೂ ತಿಳಿಯದೆ ಹತ್ತಿರ ಬಂದರು. ಬಾಗಿ ಒಂದು ಚಿಟಿಕೆ ಬೂದಿ ತೆಗೆದು ಬೆರಳುಗಳ ನಡುವೆ ಉಜ್ಜಿದರು. ಅದು ತಮ್ಮ ಕೈಯದಲ್ಲ ಎಂದು ಗೊತ್ತಾಯಿತು. ತಮ್ಮ ಕೈಯದಕ್ಕಿಂತ ನುಣುಪು ಎಂದೂ ಗೊತ್ತಾಯಿತು. ತಲೆ ಎತ್ತಿ ಸೊಸೆಯ ಕಡೆ ನೋಡಿದರು. ಸೊಸೆ ನೆಲ ನೋಡಿದಳು.

ಅದೇ ಹೊತ್ತಿಗೆ ಬೇಗಂ ಜೋಳದ ಚೀಲಗಳಿಂದ ಇಳಿದು, ಮೈ ಮುರಿದು, ಯಾರ ಕಡೆಗೂ ನೋಡದೆ, ಅಂಗಳ ದಾಟಿ, ಮೂವರ ನಡುವೆ ನಡೆದು, ತಲೆಯಿಂದ ಪಡದೆ ಸರಿಸಿ ಒಳಗೆ ಹೋಯಿತು.

ರಂಭಾಬಾಯಿ ಎರಡೂ ಕೈ ಜೋಡಿಸಿದರು. "ನೋಡ್ರವ್ವ, ಬೆಕ್ಕ ಸುದ್ದಾ ದರ್ಶನಕ್ಕ ಹ್ವಾದದ!"

ಒಳಗಿಂದ ಪರಪರ ಸದ್ದು ಬಂತು.

"ಹಣಿ ಹಚ್ಚಿ ನಮಸ್ಕಾರ ಮಾಡಲತ್ತದ," ಎಂದರು ರಂಭಾಬಾಯಿ.

ಕಸ್ತೂರಬಾಯಿಯ ಮುಖ ಮೊದಲು ಬಿಳಿಯಾಯಿತು, ಆಮೇಲೆ ಕೆಂಪಾಯಿತು. ಸೆರಗನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡರು. ಅವರ ಭುಜ ಕುಣಿಯುತ್ತಿದ್ದವು. ಸಿಟ್ಟೋ, ಇನ್ನೊಂದೋ, ಸರುಬಾಯಿಗೆ ಗೊತ್ತಾಗಲಿಲ್ಲ. ಬೇಗಂ ಹೊರಗೆ ಹಾರಿ ಬಾಲ ಎತ್ತಿ ಅಂಗಳ ಸುತ್ತಿದ ಮೇಲೆ ಅವರು ಸೆರಗು ತೆಗೆದು, "ಏಳ್ರಿ ಅಕ್ಕಾ, ಪೂಜಿ ಆಯ್ತು, ಪಡಸಾಲ್ಯಾಗ ಊಟಕ್ಕ ಕೂಡ್ರಿ," ಎಂದು ರಂಭಾಬಾಯಿಯ ಕೈಹಿಡಿದು ಕರೆದೊಯ್ದರು. ಬಡಿಸಿ ಬಂದು ಮೆಟ್ಟಿಲ ಬಳಿ ನಿಂತರು. ಕಂಬ ಅಲ್ಲೇ ಇತ್ತು. ಆದರೆ ಈ ಸಲ ಮಾತು ನೇರವಾಗಿ ಸೊಸೆಗೇ ಬಂತು.

"ಅಕ್ಕನ ಹಣಿಗಿ ಹತ್ತಿದ್ದು ಯಾತರ ಬೂದಿ?"

"ಹೊಸಾದು ರೀ ಅತ್ತಿ. ಲಿಂಗದಾಣಿ, ಬೇಗಂ ಇನ್ನಾ ಕಾಲ ಇಟ್ಟಿದ್ದಿಲ್ಲ. ಹರವಿ ತೊಳದಿದ್ದೆ."

"ಸೋಸಾದು ಯಾರ ಕಲಿಸಿದ್ರು?"

"ನಮ್ಮವ್ವ."

"ಪಡದಾ ಕಟ್ಟಾದು?"

"ಅದೂ ನಮ್ಮವ್ವನೇ ರೀ." ಸರುಬಾಯಿ ತಲೆ ಎತ್ತಿದಳು. ಗುಡಿಸಲು ಹೇಳಿದಳು, ಗಾಳಿ ಹೇಳಿದಳು, ಅಂಗೈಯಷ್ಟು ಮರಿ, ಹಸಿರು ಸೀರೆ, ಜ್ವರ, ಎಲ್ಲ ಹೇಳಿದಳು. "ನಾ ಎಲ್ಲಾ ಮರ್ತಿದ್ದೆ ರೀ ಅತ್ತಿ. ಅವ್ವನ ಮಾರಿ ಸುದ್ದಾ ಮರ್ತಿದ್ದೆ. ಆಕಿ ಮರ್ತಿಲ್ಲ."

ಕಸ್ತೂರಬಾಯಿ ಪಡದೆಯನ್ನು ಬೆರಳಲ್ಲಿ ಹಿಡಿದು ನೋಡಿದರು. ಅದರ ಅಂಚು ಸವೆದು ದಾರ ಬಿಟ್ಟಿತ್ತು. ಕೊನೆಗೆ, "ಒಲಿ ಮ್ಯಾಲ ಹಾಲ ಅದ, ನೋಡ ಹೋಗು," ಎಂದಷ್ಟೇ ಹೇಳಿ ಒಳಗೆ ಹೋದರು. ಸರುಬಾಯಿ ಆ ದಿನ ಉಣ್ಣಲಿಲ್ಲ. ಗೂಟದ ಮೇಲೆ ಚೀಲ ಹಾಗೇ ಇತ್ತು.

ಎಳ್ಳಮಾವಾಸ್ಯೆಯ ಬೆಳಗು. ಅಂಗಳದಲ್ಲಿ ಗಾಡಿ ಹೂಡಿ ನಿಂತಿತ್ತು. ಅಂಬಲಿಯ ಗಡಿಗೆ, ಸಜ್ಜಿ ರೊಟ್ಟಿಯ ಗಂಟು, ಭಜ್ಜಿಯ ಪಾತ್ರೆ, ಶೇಂಗಾ ಹೋಳಿಗೆ ಎಲ್ಲ ಏರಿದವು. ರಂಭಾಬಾಯಿ ಏರಿ ಕೂತರು. ಕಸ್ತೂರಬಾಯಿ ಅಡುಗೆಮನೆಯಿಂದ ಬಂದರು. ಕೈಯಲ್ಲಿ ಚೀಲ.

"ಸರೂ. ನಿನ್ನ ಬೇಗಂನ್ನ ಬುಟ್ಟ್ಯಾಗ ಹಾಕು."

ಸರುಬಾಯಿ ಬೆಕ್ಕನ್ನು ಎತ್ತಿಕೊಂಡಳು. ಅದು ಬೆಚ್ಚಗೆ ಅವಳ ಕುತ್ತಿಗೆಗೆ ತಲೆಯಿಟ್ಟಿತು. ಉದಗೀರಿನಿಂದ ಬಂದ ಅದೇ ಬುಟ್ಟಿಯಲ್ಲಿ ಅದನ್ನು ಕೂರಿಸಿದಳು, ಹಗ್ಗ ಬಿಗಿಯಲು ಕೈ ಬರಲಿಲ್ಲ. ವೀರಭದ್ರ ಗಾಡಿಯ ನೊಗ ನೋಡುತ್ತ ನಿಂತಿದ್ದ. ಈಗಲಾದರೂ ಏನಾದರೂ ಅಂದಾನೆಂದು ಅವಳು ಕಾದಳು. ಅವನು ನೊಗದ ಹಗ್ಗ ಬಿಚ್ಚಿ ಮತ್ತೆ ಕಟ್ಟಿದ.

ಅಷ್ಟರಲ್ಲಿ ಮೆಟ್ಟಿಲ ಕೆಳಗಿಂದ ದಡಬಡ ಸದ್ದು. ಕಸ್ತೂರಬಾಯಿ ಆ ಮೂಲೆಯೊಳಗೆ ಬಾಗಿ, ತೊಳೆದ ಹರವಿಯ ತಳವನ್ನು ಎತ್ತಿ ಚೀಲಕ್ಕೆ ಹಾಕಿದರು. ಸೋಸಿದ ಬೂದಿಯ ಗಂಟು ಹಾಕಿದರು. ಗೂಟದಿಂದ ಹಸಿರು ಸೀರೆಯನ್ನು ಬಿಚ್ಚಿ, ಮಡಚಿ, ಮಡಿಕೆಯ ಮೇಲೆ ಒಮ್ಮೆ ಕೈಯಾಡಿಸಿ, ಅದನ್ನೂ ಹಾಕಿದರು. ಕೂದಲ ತುಂಬ ಜೇಡರಬಲೆ ಹತ್ತಿಸಿಕೊಂಡು ಹೊರಗೆ ಬಂದರು.

"ಹಂಗ್ಯಾಕ ನೋಡ್ತಿ? ದಿನಾಪೂರ್ತಿ ಹೊಲದಾಗ ಇರ್ತೀವಿ. ಆಕಿ ಎಲ್ಲಿ ಹೋಗಬೇಕು? ಮತ್ತ ನನ್ನ ರೊಟ್ಟಿ ಗಂಟಿನ ಮ್ಯಾಲ ಕೂತ್ರ?"

ಸರುಬಾಯಿಗೆ ನಗಬೇಕೋ ಅಳಬೇಕೋ ತಿಳಿಯದೆ ಎರಡೂ ಮಾಡಿದಳು. ಗಾಡಿ ಹೊರಟಿತು. ದಾರಿಯ ಎರಡೂ ಕಡೆ ಮಂಜು ಹೊದ್ದ ಜೋಳ ಎದೆಮಟ್ಟ ನಿಂತಿತ್ತು, ತೆನೆಗಳು ತೂಕಡಿಸುತ್ತಿದ್ದವು. ಬುಟ್ಟಿ ಈ ಸಲ ಕೂಗಲಿಲ್ಲ.

ಹೊಲದ ನಡುವೆ ಕಣಿಕೆಯ ಚಿಕ್ಕ ಗುಡಿಸಲಿನಂಥ ಕೊಂಪೆ ಕಟ್ಟಿ, ಸುಣ್ಣ ಬಳಿದ ಐದು ಕಲ್ಲುಗಳನ್ನು ದೇವರೆಂದು ಕೂರಿಸಿದ್ದರು. ಅಲ್ಲಿಂದ ಇಪ್ಪತ್ತು ಮಾರು ದೂರ, ಕುಸುಬೆಯ ಸಾಲಿನ ಆಚೆ, ಎರಡು ಕೋಲು ನೆಟ್ಟು ಕಸ್ತೂರಬಾಯಿ ತಾವೇ ಪಡದಾ ಕಟ್ಟಿಸಿದರು. ಹೊಲದ ಸುತ್ತ ನೈವೇದ್ಯದ ಚರಗ ಚೆಲ್ಲಿ ಬಂದ ರಂಭಾಬಾಯಿಗೆ ಮಸುಕು ಕಣ್ಣಿಗೆ ಹಸಿರು ಕಂಡಿತು. ಕೈ ಜೋಡಿಸಿ ಅತ್ತ ಹೊರಟೇಬಿಟ್ಟರು. ಕಸ್ತೂರಬಾಯಿ ಓಡಿ ಹೋಗಿ ಮೊಣಕೈ ಹಿಡಿದು ತಿರುಗಿಸಿದರು.

"ಅಕ್ಕಾ, ದೇವರು ಈ ಕಡಿ."

"ಆ ಕಡಿ ಇರಾದು?"

"ಅದು ಬೇಗಂದು. ಖಾಸಗಿ."

ರಂಭಾಬಾಯಿಗೆ ಅಷ್ಟರಿಂದ ಏನು ತಿಳಿಯಿತೋ ಏನೋ. ಬದುಕಿರುವ ತನಕ ಅವರು ಪ್ರತಿ ವರ್ಷ ಶಿವರಾತ್ರಿಗೆ "ಆ ಪಡದಾದಾಗಿನ ಈಬತ್ತಿ ಕಳಿಸ್ರಿ" ಎಂದು ಹೇಳಿ ಕಳಿಸುತ್ತಿದ್ದರು. ಅದನ್ನು ತಿದ್ದುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಬರಲಿಲ್ಲ.

ಉಂಡ ಮೇಲೆ ಗಂಡಸರು ಜೋಳದ ಸಾಲುಗಳ ನಡುವೆ ಮಲಗಿದರು. ಅತ್ತೆ ಸೊಸೆ ಕೊಂಪೆಯ ನೆರಳಿನಲ್ಲಿ ಕೂತರು. ಬಿಸಿಲು ಎಳೆಯದಾಗಿತ್ತು. ಕಣಿಕೆಯ ಸಂದಿಯಿಂದ ಬೆಳಕಿನ ಗೆರೆಗಳು ಅವರ ಮಡಿಲ ಮೇಲೆ ಬಿದ್ದಿದ್ದವು. ಆ ಕಡೆ ಹಸಿರು ಸೀರೆ ಗಾಳಿಗೆ ಉಬ್ಬುತ್ತಿತ್ತು, ಇಳಿಯುತ್ತಿತ್ತು. ಸರುಬಾಯಿ ಅದನ್ನೇ ನೋಡುತ್ತ ಕೂತಳು. ಯಾರೂ ಅವಳನ್ನು ಕರೆಯಲಿಲ್ಲ, ಯಾರೂ ಹಾಲಿನ ಮಾತು ಎತ್ತಲಿಲ್ಲ.

"ನಿಮ್ಮವ್ವ ಎಷ್ಟ ಸಲ ಸೋಸ್ತಿದ್ದಳು?" ಕಸ್ತೂರಬಾಯಿ ಕೇಳಿದರು.

"ಲೆಕ್ಕ ಇದ್ದಿಲ್ಲ ರೀ ಅತ್ತಿ. ಬೆಳಕಿನಾಗ ಹಿಡದ್ರ ಅದು ಬೀಳಬಾರದು, ನಿಲ್ಲಬೇಕು, ಅಂತಿದ್ದಳು."

"ಹಂಗಾ." ಕಸ್ತೂರಬಾಯಿ ಮಡಿಲಲ್ಲಿನ ಬೆಳಕಿನ ಗೆರೆಯೊಳಗೆ ತಮ್ಮ ಬೆರಳಿಟ್ಟು ನೋಡಿದರು. "ಹಂಗಾರ ಈ ಶಿವರಾತ್ರಿ ಈಬತ್ತಿ ನೀನೇ ಸೋಸು. ಅರಿವಿ ನಾ ಹಿಡೀತೀನಿ."

ಹೊತ್ತು ಇಳಿದ ಮೇಲೆ ಗಾಡಿ ಹೂಡಿದರು. ಹರವಿ, ಸೀರೆ ಬುಟ್ಟಿಗೆ ಹೋದವು. ಬೇಗಂ ಸರುಬಾಯಿಯ ಮಡಿಲಿಗೆ ಬಂತು. ಚೀಲ ಖಾಲಿಯಾಗಿತ್ತು, ಅದರ ತುಂಬ ಹಸಿ ಕಡಲೆ ಗಿಡ ಕಿತ್ತು ತುಂಬಿಕೊಂಡು ಮನೆಗೆ ಬಂದರು.